ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ: ಒಪ್ಪಂದದಿಂದ ಹೊರಬರುವ ದಾರಿಗಳು

ನಮ್ಮ ಚಿಕ್ಕಪ್ಪ ನಿವೃತ್ತಿಯ ಹಣದಲ್ಲಿ 2 ಲಕ್ಷ ಎಫ್‌ಡಿ ಇಡುತ್ತೇನೆಂದು ಬ್ಯಾಂಕಿಗೆ ಹೋದವರು, ಹತ್ತು ವರ್ಷ ಪ್ರೀಮಿಯಂ ಕಟ್ಟಬೇಕಾದ ಜೀವವಿಮೆ ಪಾಲಿಸಿ ಮಾಡಿಸಿಕೊಂಡು ಬಂದರು. 'ಅಂಕಲ್, ಇದೂ ಎಫ್‌ಡಿ ಥರಾನೇ, ಬಡ್ಡಿ ಸ್ವಲ್ಪ ಜಾಸ್ತಿ' ಅಂದನಂತೆ ಅಲ್ಲಿ ಕೂತಿದ್ದ ಹುಡುಗ. ತೋರಿಸಿದ ಕಡೆಯೆಲ್ಲ ಇವರು ಸಹಿ ಹಾಕಿದ್ದಾರೆ. ಪಾಲಿಸಿ ಬಾಂಡ್ ಇದ್ದ ಲಕೋಟೆ ಬೀರುವಿನ ಮೇಲೆ 23 ದಿನ ಹಾಗೇ ಬಿದ್ದಿತ್ತು. ಹಬ್ಬಕ್ಕೆಂದು ಊರಿಗೆ ಹೋದ ನಾನು ಸುಮ್ಮನೆ ಒಡೆದು ನೋಡಿದೆ. ಪಾಲಿಸಿ ರದ್ದು ಮಾಡಲು ಇರುವ 30 ದಿನದ ಗಡುವಿನಲ್ಲಿ ಇನ್ನೂ 7 ದಿನ ಉಳಿದಿತ್ತು. ಮಾರನೇ ದಿನವೇ ಅರ್ಜಿ ಕೊಟ್ಟೆವು. ಸಣ್ಣಪುಟ್ಟದ್ದನ್ನು ಕಳೆದು ಹಣ ವಾಪಸ್ ಬಂತು. ಹಬ್ಬ ಒಂದು ವಾರ ತಡವಾಗಿದ್ದರೆ ಅದೇ ಹಣಕ್ಕಾಗಿ ಎಷ್ಟು ಅಲೆಯಬೇಕಿತ್ತೋ!

ಆ ಮೇಲೆ ನೆಂಟರಿಷ್ಟರಲ್ಲಿ ಯಾರಿಗೆ ಇಂಥದ್ದೇನಾದರೂ ಆದರೂ ಫೋನು ನನಗೇ ಬರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ: 'ಸಹಿ ಹಾಕಿಬಿಟ್ಟಿದ್ದೀನಿ, ಕ್ಯಾನ್ಸಲ್ ಮಾಡೋಕಾಗುತ್ತಾ?' ಕೆಲವರಂತೂ 'ಹದಿನಾಲ್ಕು ದಿನದೊಳಗೆ ಯಾವುದನ್ನಾದರೂ ರದ್ದು ಮಾಡಬಹುದಂತಲ್ಲ' ಎಂದೇ ಮಾತು ಶುರು ಮಾಡುತ್ತಾರೆ. ಆ ಹದಿನಾಲ್ಕು ದಿನ ಯುರೋಪು, ಬ್ರಿಟನ್ನಿನದು. ಅಲ್ಲಿ ಆನ್‌ಲೈನಿನಲ್ಲೋ ಫೋನಿನಲ್ಲೋ ಮಾಡಿದ ಬಹುತೇಕ ಖರೀದಿಗಳಿಗೆ ಅದು ಅನ್ವಯಿಸುತ್ತದೆ. ಅಮೆರಿಕದಲ್ಲಿ ಮನೆಬಾಗಿಲಿಗೆ ಬಂದು ಮಾರಿದವರ ವಿಷಯದಲ್ಲಿ ಮೂರು ಕೆಲಸದ ದಿನಗಳ ಅವಕಾಶವಿದೆ. ಅಲ್ಲಿರುವ ಮಗ ಹೇಳಿದ್ದನ್ನು ಇಲ್ಲಿರುವ ಅಪ್ಪ ನಂಬಿಕೊಂಡು ಕೂತರೆ ಕಷ್ಟ. ಭಾರತದಲ್ಲಿ ಎಲ್ಲ ಒಪ್ಪಂದಗಳಿಗೂ ಹೊಂದುವ ಅಂಥ ಒಂದೇ ಒಂದು ಕಾನೂನಿಲ್ಲ. ನಮ್ಮಲ್ಲಿರುವುದು ಬಿಡಿಬಿಡಿಯಾದ ಕಿಟಕಿಗಳು, ಅಂದರೆ ರದ್ದು ಮಾಡಲು ಇಂತಿಷ್ಟು ದಿನ ಮಾತ್ರ ತೆರೆದಿರುವ ಅವಕಾಶಗಳು. ವಿಮೆಗೆ ಒಂದು, ಆ್ಯಪ್ ಸಾಲಕ್ಕೆ ಇನ್ನೊಂದು, ಫ್ಲ್ಯಾಟಿಗೆ ಬೇರೆಯೇ ಲೆಕ್ಕ, ಕೆಲವಕ್ಕೆ ಏನೂ ಇಲ್ಲ. ನಿಮ್ಮದು ಯಾವ ಕಿಟಕಿ, ಅದು ಯಾವ ದಿನ ಮುಚ್ಚುತ್ತದೆ ಎಂಬುದು ಮೊದಲು ಗೊತ್ತಾಗಬೇಕು.

ಮೊದಲ ಅರ್ಧ ಗಂಟೆಯ ಕೆಲಸ

ಮಾರಿದವನಿಗೆ ಫೋನ್ ಮಾಡಬೇಡಿ. ಇದು ನನ್ನ ಅನುಭವದ ಮಾತು. ಫೋನ್ ಮಾಡಿದ ಕೂಡಲೇ 'ಸರ್, ನಾನೇ ಮನೆಗೆ ಬರ್ತೀನಿ, ಸೋಮವಾರ ಕೂತು ಮಾತಾಡೋಣ' ಎನ್ನುತ್ತಾನೆ. ಸೋಮವಾರ ಗುರುವಾರವಾಗುತ್ತದೆ, ಅಷ್ಟರಲ್ಲಿ ವಾಯಿದೆ ಮುಗಿದಿರುತ್ತದೆ.

ಅದರ ಬದಲು ಕಾಗದಪತ್ರ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಳ್ಳಿ: ಸಹಿ ಮಾಡಿದ ಫಾರ್ಮಿನ ಪ್ರತಿ, ರಸೀದಿ, ಹಣ ಕಡಿತವಾದ ಎಸ್‌ಎಂಎಸ್, ವಾಟ್ಸ್ಆ್ಯಪ್ ಸಂದೇಶಗಳು, ಇಮೇಲ್. ಇಮೇಲಿನಲ್ಲಿ ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಒಂದು ಹಾಳೆಯ ಮೇಲೆ ನಾಲ್ಕು ತಾರೀಕು ಬರೆಯಿರಿ: ಸಹಿ ಹಾಕಿದ್ದು, ಹಣ ಕೊಟ್ಟದ್ದು, ದಾಖಲೆ ಕೈಗೆ ಬಂದದ್ದು, ಮುಂದಿನ ಕಂತು ಕಡಿತವಾಗುವುದು. ಕೆಲವು ಕಿಟಕಿಗಳ ಲೆಕ್ಕ ಸಹಿ ಹಾಕಿದ ದಿನದಿಂದ ಶುರುವಾದರೆ ಕೆಲವು ದಾಖಲೆ ಬಂದ ದಿನದಿಂದ ಶುರುವಾಗುತ್ತವೆ. ಹಾಗಾಗಿ ನಾಲ್ಕೂ ಬೇಕು.

ಲಕೋಟೆಯನ್ನು ಎಸೆಯಬೇಡಿ. ಅಂಚೆ ಮುದ್ರೆಯ ತಾರೀಕು ಅದರ ಮೇಲೇ ಇರುತ್ತದೆ.

ಸಹಿ ಹಾಕಿದ್ದೆಲ್ಲ ಒಪ್ಪಂದವಲ್ಲ

ನೀವು ಸಹಿ ಹಾಕಿದ ಕಾಗದದ ತಲೆಬರಹ ಓದಿ. 'ಅರ್ಜಿ', 'ಪ್ರಪೋಸಲ್ ಫಾರ್ಮ್', 'ಅಪ್ಲಿಕೇಶನ್ ಫಾರ್ ಮೆಂಬರ್‌ಶಿಪ್' ಎಂದೇನಾದರೂ ಇದ್ದರೆ ಸ್ವಲ್ಪ ಉಸಿರು ಬಿಡಿ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ, ಮುಂದಿಟ್ಟ ಪ್ರಸ್ತಾವವನ್ನು ಎದುರಿನವರು ಒಪ್ಪಿ ಆ ಒಪ್ಪಿಗೆಯನ್ನು ಕಳಿಸುವ ಮೊದಲು ನೀವು ಹಿಂದಕ್ಕೆ ಪಡೆಯಬಹುದು. ಅರ್ಜಿ ಹಾಕಿದ್ದು ನೀವು, ಒಪ್ಪಬೇಕಾದದ್ದು ಅವರು. ಒಪ್ಪಿಗೆ ಪತ್ರ ಅವರ ಕೈಬಿಟ್ಟು ಹೊರಟ ಮೇಲೆ ಈ ದಾರಿ ಮುಚ್ಚುತ್ತದೆ. ಆದ್ದರಿಂದ ಅದೇ ದಿನ ಸಂಜೆಯೊಳಗೆ 'ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ, ಕೊಟ್ಟ ಹಣ ವಾಪಸ್ ಮಾಡಿ' ಎಂದು ಎರಡು ಸಾಲು ಇಮೇಲ್ ಹಾಕಿಬಿಡಿ. ಚಂದದ ಭಾಷೆಗಾಗಿ ಕಾಯುತ್ತ ಕೂರಬೇಡಿ.

ವಿಮೆ: 30 ದಿನದ ಫ್ರೀ ಲುಕ್

ನಮ್ಮ ದೇಶದ ಗ್ರಾಹಕನಿಗೆ ಸಿಕ್ಕಿರುವ ಅತ್ಯಂತ ಸ್ಪಷ್ಟವಾದ ರದ್ದತಿ ಹಕ್ಕು ಇದೇ. ಬಳಸದೆ ಬಿಡುವವರು ಹೆಚ್ಚು ಇರುವುದೂ ಇಲ್ಲೇ ಎಂದು ನನ್ನ ಗುಮಾನಿ. ವಿಮಾ ನಿಯಂತ್ರಣ ಪ್ರಾಧಿಕಾರ ಅಂದರೆ ಐಆರ್‌ಡಿಎಐ 2024ರಲ್ಲಿ ನಿಯಮ ಬದಲಿಸಿತು. ಅದಕ್ಕೆ ಮುಂಚೆ ಸಾಮಾನ್ಯ ರೀತಿಯಲ್ಲಿ ಕೊಂಡ ಪಾಲಿಸಿಗೆ 15 ದಿನ ಮಾತ್ರ ಇತ್ತು. ಈಗ ಜೀವವಿಮೆ ಹಾಗೂ ಆರೋಗ್ಯ ವಿಮೆಯ ಹೊಸ ವೈಯಕ್ತಿಕ ಪಾಲಿಸಿಗೆ, ಏಜೆಂಟ್ ಮಾರಿರಲಿ, ಬ್ಯಾಂಕ್ ಮಾರಿರಲಿ, ನೀವೇ ಆನ್‌ಲೈನಿನಲ್ಲಿ ಕೊಂಡಿರಲಿ, 30 ದಿನ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗೆ ಇದಿಲ್ಲ, ಹಳೆಯದರ ನವೀಕರಣಕ್ಕೂ ಇಲ್ಲ. ಆ ಪಾಲಿಸಿಯಲ್ಲಿ ಕ್ಲೇಮ್ ಮಾಡಿರಬಾರದು.

30 ದಿನದ ಲೆಕ್ಕ ಪಾಲಿಸಿ ದಾಖಲೆ ನಿಮಗೆ ತಲುಪಿದ ದಿನದಿಂದ. ಎಡವುವುದು ಇಲ್ಲೇ. ಈಗ ಪಾಲಿಸಿಗಳು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ರೂಪದಲ್ಲೇ ಬರುತ್ತವೆ, ಇಮೇಲಿಗೆ ಪಿಡಿಎಫ್ ಬಂದರೂ 'ತಲುಪಿದಂತೆ'. ಅಂಚೆಯಲ್ಲಿ ಬಾಂಡ್ ಬರಲಿ ಎಂದು ಕಾಯುತ್ತಿದ್ದವರಿಗೆ ಆಮೇಲೆ 'ಇಮೇಲ್ ಹೋಗಿ ನಲವತ್ತು ದಿನವಾಯ್ತಲ್ಲ' ಎಂಬ ಉತ್ತರ ಸಿಗಬಹುದು. ಎರಡರಲ್ಲಿ ಮೊದಲು ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಚಿಕ್ಕಪ್ಪನಿಗೆ ಇಮೇಲೇ ಇಲ್ಲ, ಅದೇ ಅವರ ಅದೃಷ್ಟ.

ಹಣ ಎಷ್ಟು ವಾಪಸ್? ಕಟ್ಟಿದ ಪ್ರೀಮಿಯಂನಲ್ಲಿ ಮೂರು ಬಾಬ್ತು ಕಳೆಯಬಹುದು: ವಿಮೆ ಜಾರಿಯಲ್ಲಿದ್ದ ಅಷ್ಟು ದಿನದ ಅಪಾಯದ ಪ್ರೀಮಿಯಂ, ಕಂಪನಿ ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ಸ್ಟ್ಯಾಂಪ್ ಡ್ಯೂಟಿ. ಏಜೆಂಟನ ಕಮಿಷನ್ನು, 'ಪ್ರೊಸೆಸಿಂಗ್' ಎಂದೆಲ್ಲ ಕಳೆಯುವಂತಿಲ್ಲ. ಯುಲಿಪ್ (ಪ್ರೀಮಿಯಂನ ಒಂದು ಭಾಗವನ್ನು ಮಾರುಕಟ್ಟೆಯಲ್ಲಿ ಹೂಡುವ ವಿಮೆ) ಆಗಿದ್ದರೆ ರದ್ದಾದ ದಿನದ ಯೂನಿಟ್ ಬೆಲೆ ಲೆಕ್ಕಕ್ಕೆ ಬರುತ್ತದೆ. ಆ ತಿಂಗಳಲ್ಲಿ ಷೇರುಪೇಟೆ ಇಳಿದಿದ್ದರೆ ಆ ನಷ್ಟ ನಿಮ್ಮದೇ. ಅರ್ಜಿ ತಲುಪಿದ 7 ದಿನದೊಳಗೆ ಹಣ ಕೊಡಬೇಕು. ಕಾರಣ ಬರೆಯಿರಿ, ಆದರೆ ಒಂದು ಸಾಲು ಸಾಕು: 'ಪಾಲಿಸಿಯ ಷರತ್ತುಗಳು ನನಗೆ ಒಪ್ಪಿಗೆಯಿಲ್ಲ.' ಏಜೆಂಟನ ಮೇಲಿನ ಸಿಟ್ಟನ್ನು ಈ ಅರ್ಜಿಯಲ್ಲಿ ತೋಡಿಕೊಳ್ಳಬೇಡಿ. ತೋಡಿಕೊಂಡರೆ 'ವಿಚಾರಣೆ ನಡೆಯುತ್ತಿದೆ' ಎಂದು ಫೈಲು ಇನ್ನೊಂದು ಮೇಜಿಗೆ ಹೋಗುತ್ತದೆ.

ಇನ್ನೊಂದು ಮಾತು. ಪಾಲಿಸಿ ಶುರುವಾಗುವ ಮುಂಚೆ ಕಂಪನಿಯಿಂದ ಒಂದು ಕರೆ ಬರುತ್ತದೆ: 'ಇದು ಎಫ್‌ಡಿ ಅಲ್ಲ, ಇಷ್ಟು ವರ್ಷ ಕಟ್ಟಬೇಕು, ಗೊತ್ತಲ್ಲವಾ?' ಮಾರಿದವನು ಮೊದಲೇ 'ಎಲ್ಲಕ್ಕೂ ಹೌದು ಅನ್ನಿ ಸರ್, ಅದು ಫಾರ್ಮ್ಯಾಲಿಟಿ' ಎಂದು ಕಲಿಸಿಕೊಟ್ಟಿರುತ್ತಾನೆ. ನೀವು ಹೌದು ಅಂದದ್ದು ರೆಕಾರ್ಡ್ ಆಗಿರುತ್ತದೆ. ಹಾಗಿದ್ದರೂ ಫ್ರೀ ಲುಕ್ ಹಕ್ಕು ಹೋಗುವುದಿಲ್ಲ. ಆದರೆ 30 ದಿನ ಕಳೆದ ಮೇಲೆ 'ನನಗೆ ಮೋಸವಾಯ್ತು' ಎಂದು ದೂರು ಕೊಟ್ಟರೆ ಅದೇ ಧ್ವನಿ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಆ ಗಡುವು ಮೀರಿದ್ದರೂ ಎಲ್ಲ ಮುಗಿಯಿತೆಂದಲ್ಲ. ಆರೋಗ್ಯ ವಿಮೆಯನ್ನು ಅವಧಿಯ ನಡುವೆಯೂ 7 ದಿನದ ಲಿಖಿತ ನೋಟಿಸ್ ಕೊಟ್ಟು ರದ್ದು ಮಾಡಬಹುದು. ಒಂದು ವರ್ಷದ ಪಾಲಿಸಿಯಲ್ಲಿ ಕ್ಲೇಮ್ ಆಗಿಲ್ಲವಾದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಬರುತ್ತದೆ. ಜೀವವಿಮೆಯಲ್ಲಿ ಒಂದು ಪೂರ್ತಿ ವರ್ಷದ ಪ್ರೀಮಿಯಂ ಕಟ್ಟಿ ಮೊದಲ ವರ್ಷ ಮುಗಿಸಿದರೆ ಸರೆಂಡರ್ ಮೌಲ್ಯ, ಅಂದರೆ ಪಾಲಿಸಿಯನ್ನು ನಡುವೆಯೇ ಬಿಟ್ಟರೆ ವಾಪಸ್ ಬರುವ ಹಣ, ಸಿಗುವ ವ್ಯವಸ್ಥೆ 2024ರ ಅಕ್ಟೋಬರ್‌ನಿಂದ ಬಂದಿದೆ. ಕಟ್ಟಿದ್ದಕ್ಕಿಂತ ಕಡಿಮೆಯೇ ಬರುತ್ತದೆ ಅನ್ನಿ.

ಆ್ಯಪ್ ಸಾಲ: ಕಿಟಕಿ ಇದೆ, ಆದರೆ ಒಂದೇ ದಿನದ್ದಿರಬಹುದು

ಮೊಬೈಲಿನಲ್ಲಿ ನಾಲ್ಕು ಸಲ 'ಓಕೆ' ಒತ್ತಿದರೆ ಖಾತೆಗೆ ಹಣ ಬೀಳುತ್ತದೆ. ಬಿದ್ದ ಮೇಲೆ ಬಡ್ಡಿಯ ಲೆಕ್ಕ ನೋಡಿ ಎದೆ ಝಲ್ಲೆನ್ನುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳಲ್ಲಿ 'ಕೂಲಿಂಗ್ ಆಫ್' ಅವಧಿ ಎಂಬುದಿದೆ. ಆ ಅವಧಿಯೊಳಗೆ ಅಸಲು ಹಾಗೂ ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡವಿಲ್ಲದೆ ಸಾಲದಿಂದ ಹೊರಬರಬಹುದು. 2022ರಲ್ಲಿ ಇದು ಬಂದಾಗ ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲಕ್ಕೆ ಕನಿಷ್ಠ 3 ದಿನ ಇತ್ತು. 2025ರ ಮೇ ತಿಂಗಳ ನಿರ್ದೇಶನದಲ್ಲಿ ಅದನ್ನು ಸಾಲ ಕೊಡುವ ಸಂಸ್ಥೆಯ ಆಡಳಿತ ಮಂಡಳಿಗೇ ಬಿಟ್ಟು, ಕನಿಷ್ಠ 1 ದಿನ ಇರಲೇಬೇಕು ಎಂದಿದ್ದಾರೆ. ಗ್ರಾಹಕನ ಕಡೆಯಿಂದ ನೋಡಿದರೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ ಎಂದೇ ನನಗನ್ನಿಸುತ್ತದೆ.

ನಿಮ್ಮ ಸಾಲಕ್ಕೆ ಎಷ್ಟು ದಿನ ಎಂಬುದು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆಯಲ್ಲಿರಬೇಕು. ಒಟ್ಟು ವಾರ್ಷಿಕ ದರ, ಶುಲ್ಕಗಳು, ಎಲ್ಲವೂ ಅದರಲ್ಲೇ ಇರುತ್ತವೆ. ಪ್ರೊಸೆಸಿಂಗ್ ಶುಲ್ಕವನ್ನು ಅಲ್ಲಿ ಮೊದಲೇ ತಿಳಿಸಿದ್ದರೆ ಅದನ್ನು ಅವರು ಇಟ್ಟುಕೊಳ್ಳಬಹುದು. ಅದು ಹೋಯಿತು ಅಂದುಕೊಳ್ಳಿ. ಇಲ್ಲಿ ಕಾಗದಕ್ಕಿಂತ ಮುಖ್ಯವಾದದ್ದು ಖಾತೆಯಲ್ಲಿ ಬಿದ್ದ ಹಣವನ್ನು ಮುಟ್ಟದಿರುವುದು. ಮುಟ್ಟಿದರೆ ಅಸಲು ಕಟ್ಟಲು ಇನ್ನೊಂದು ಆ್ಯಪ್‌ಗೆ ಹೋಗಬೇಕಾಗುತ್ತದೆ, ಅಲ್ಲಿಂದ ಮುಂದಿನ ಕಥೆ ನಿಮಗೇ ಗೊತ್ತು.

ಸಾಲ ಇನ್ನೂ ಪಡೆದಿಲ್ಲ, ಹಾಳೆ ಮಾತ್ರ ಕಳಿಸಿದ್ದಾರೆ ಎಂದಾದರೆ ಅವಸರವೇ ಬೇಡ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಆ ಹಾಳೆಯಲ್ಲಿರುವ ದರ ಕನಿಷ್ಠ 3 ಕೆಲಸದ ದಿನ ಹಾಗೇ ಇರಬೇಕು. 'ಈಗಲೇ ಒಪ್ಪದಿದ್ದರೆ ಆಫರ್ ಹೋಗುತ್ತೆ' ಎಂಬುದನ್ನು ನಂಬಬೇಡಿ.

ಬ್ಯಾಂಕಿಗೇ ಹೋಗಿ ಕಾಗದದ ಮೇಲೆ ಮಾಡಿದ ಗೃಹಸಾಲಕ್ಕೆ ಇಂಥ ಕಿಟಕಿ ಇಲ್ಲ. ಆದರೆ ಬದಲಾಗುವ ಬಡ್ಡಿದರದ ವೈಯಕ್ತಿಕ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಆನ್‌ಲೈನ್ ಖರೀದಿ, ಮನೆಬಾಗಿಲ ಮಾರಾಟ

'ಏಳು ದಿನದಲ್ಲಿ ವಾಪಸ್ ಕೊಡಬಹುದು' ಎಂಬುದು ಶಾಪಿಂಗ್ ತಾಣದವರು ತಾವಾಗಿಯೇ ಕೊಟ್ಟ ಸೌಲಭ್ಯ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಕಾನೂನಿನ ಬೆಂಬಲವಿಲ್ಲ. ಕಾನೂನಿನ ಬೆಂಬಲ ಇರುವುದು ಮಾಲು ಕೆಟ್ಟಿದ್ದಾಗ, ನಕಲಿಯಾದಾಗ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಾಗ, ಇಲ್ಲವೇ ಹೇಳಿದ ದಿನ ಮೀರಿ ಬಂದಾಗ. ಆಗ ಮಾರಿದವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ, 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಅದೇ ನಿಯಮದಲ್ಲಿ ಇನ್ನೊಂದು ಸೊಗಸಾದ ಮಾತಿದೆ: ಕಂಪನಿ ತಾನಾಗಿ ಆರ್ಡರ್ ರದ್ದು ಮಾಡಿದಾಗ ತಾನೂ ಅಷ್ಟೇ ದಂಡ ಹೊರದಿದ್ದರೆ, ನೀವು ರದ್ದು ಮಾಡಿದಾಗ ನಿಮಗೆ ದಂಡ ಹಾಕುವಂತಿಲ್ಲ.

ಅಂಗಡಿಗಳಲ್ಲಿ 'ಮಾರಿದ ಸರಕು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡ್ ಇರುತ್ತದಲ್ಲ, ಅದು ಕೆಟ್ಟ ಮಾಲಿಗೆ ಅನ್ವಯಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಏನೂ ಹೇಳಿಲ್ಲದಿದ್ದರೆ 30 ದಿನದಲ್ಲಿ ದೋಷವಿರುವ ಮಾಲನ್ನು ವಾಪಸ್ ಪಡೆಯದೆ, ಹಣ ಮರಳಿಸದೆ ಇರುವುದು ಅನುಚಿತ ವ್ಯಾಪಾರ.

'ನೀವೂ ಸೇರಿ, ನಾಲ್ಕು ಜನರನ್ನು ಸೇರಿಸಿ' ಎನ್ನುವ ನೇರ ಮಾರಾಟದ ಕಂಪನಿಗೆ ಸೇರಿ ಆಮೇಲೆ ಬೇಡವೆನಿಸಿದರೆ 2021ರ ನೇರ ಮಾರಾಟ ನಿಯಮಗಳು ನೆರವಿಗೆ ಬರುತ್ತವೆ. ಕಂಪನಿ ಕೂಲಿಂಗ್ ಆಫ್ ಅವಧಿ ಕೊಡಲೇಬೇಕು. ಎಷ್ಟು ದಿನ ಎಂಬುದು ನೀವು ಸಹಿ ಹಾಕಿದ ಒಪ್ಪಂದದಲ್ಲಿರುತ್ತದೆ. ಸೇರುವ ಶುಲ್ಕ ಎಂದು ಕೇಳುವಂತೆಯೇ ಇಲ್ಲ.

ಹಾಲಿಡೇ ಮೆಂಬರ್‌ಶಿಪ್: ಕಿಟಕಿಯನ್ನು ಅವರೇ ಇಟ್ಟಿರುತ್ತಾರೆ, ಹುಡುಕಬೇಕು

ಬೆಂಗಳೂರು, ಮೈಸೂರಿನ ಮಾಲ್‌ಗಳಲ್ಲಿ 'ಲಕ್ಕಿ ಡ್ರಾ' ಚೀಟಿ ತುಂಬಿದವರಿಗೆ ಒಂದು ವಾರದಲ್ಲಿ ಕರೆ ಬರುತ್ತದೆ. ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರಬೇಕು, ಕ್ರೆಡಿಟ್ ಕಾರ್ಡ್ ತನ್ನಿ. ಹೋಟೆಲಿನ ಹಾಲಿನಲ್ಲಿ ಜೋರಾಗಿ ಹಾಡು. ಪಕ್ಕದ ಮೇಜಿನವರು ಸೇರಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೂರು ಗಂಟೆ ಹೊತ್ತು ಗೋವಾ, ಕೊಡಗಿನ ಚಿತ್ರ ತೋರಿಸಿ, ಕೊನೆಗೆ ಮ್ಯಾನೇಜರ್ ಬಂದು 'ಇವತ್ತಿಗೆ ಮಾತ್ರ ಈ ರೇಟು' ಎನ್ನುತ್ತಾನೆ. ನನ್ನ ಗೆಳೆಯನೊಬ್ಬ ಪ್ರತಿ ವರ್ಷ ರೆಸಾರ್ಟಿನಲ್ಲಿ ಕೆಲವು ದಿನ ತಂಗಲು ಮೊದಲೇ ಹಣ ಕಟ್ಟುವ ಒಂದೂವರೆ ಲಕ್ಷದ ಮೆಂಬರ್‌ಶಿಪ್ ಮಾಡಿಸಿಕೊಂಡು, ಬಹುಮಾನವಾಗಿ ಒಂದು ಊಟದ ತಟ್ಟೆ ಸೆಟ್ಟು ಹಿಡಿದು ಮನೆಗೆ ಬಂದ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್.

ಈ ವ್ಯಾಪಾರಕ್ಕೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. ಆದರೆ ಕೆಲವು ಕಂಪನಿಗಳ ನಿಯಮಪುಸ್ತಕದ ಒಳಗೆಲ್ಲೋ 'ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಿದರೆ ಹಣ ವಾಪಸ್' ಎಂಬ ಕಲಂ ಇರುತ್ತದೆ. 'ಕ್ಯಾನ್ಸಲೇಶನ್', 'ರಿಸಿಶನ್' (rescission), 'ಕೂಲಿಂಗ್ ಆಫ್' ಈ ಮೂರು ಪದ ಹುಡುಕಿ. ಯಾರಿಗೆ ಬರೆಯಬೇಕು, ಇಮೇಲ್ ಸಾಕೋ ಅಂಚೆ ಬೇಕೋ, ಬಹುಮಾನ ವಾಪಸ್ ಕೊಡಬೇಕೋ ಎಂಬುದೂ ಅಲ್ಲೇ ಇರುತ್ತದೆ. ಅವರು ಹೇಳಿದ ರೀತಿಯಲ್ಲೇ, ಹೇಳಿದ ವಿಳಾಸಕ್ಕೇ ಕಳಿಸಿ. ಅಂದು ಹೋಟೆಲಿನಲ್ಲಿ ಕೊಟ್ಟ ವೋಚರು, ಉಚಿತ ರಾತ್ರಿ ಯಾವುದನ್ನೂ ಬಳಸಬೇಡಿ; ಬಳಸಿದರೆ 'ಸೇವೆ ಪಡೆದಿದ್ದಾರೆ' ಎಂದಾಗುತ್ತದೆ. ಗೆಳೆಯನ ತಟ್ಟೆ ಸೆಟ್ಟಿನ ಡಬ್ಬಿಯ ಟೇಪನ್ನೇ ನಾವು ಕತ್ತರಿಸಲಿಲ್ಲ.

ಆ ಕಲಂ ಇಲ್ಲದಿದ್ದರೆ ಅಥವಾ ದಿನ ಮೀರಿದ್ದರೆ, ಬಾಯಲ್ಲಿ ಹೇಳಿದ್ದಕ್ಕೂ ಕಾಗದದಲ್ಲಿ ಇರುವುದಕ್ಕೂ ಎಲ್ಲಿ ತಾಳೆಯಾಗುವುದಿಲ್ಲ ಎಂದು ಪಟ್ಟಿ ಮಾಡಿ. 'ವಾರ್ಷಿಕ ನಿರ್ವಹಣಾ ಶುಲ್ಕ ಇಲ್ಲ ಅಂದಿದ್ದಿರಿ, ಕಾಗದದಲ್ಲಿದೆ' ಎಂದು ಮಾರಿದವನನ್ನೇ ವಾಟ್ಸ್ಆ್ಯಪ್‌ನಲ್ಲಿ ಕೇಳಿ. ಅವನು ಉತ್ತರಿಸಿದರೆ ಅದೇ ನಿಮಗೆ ಆಧಾರ.

ಫ್ಲ್ಯಾಟು

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 13ನೇ ಕಲಂ ಪ್ರಕಾರ ನೋಂದಾಯಿತ ಮಾರಾಟ ಕರಾರು ಇಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಕಲಂ ಪ್ರಕಾರ ನೀವು ಯೋಜನೆಯಿಂದ ಹೊರಬಂದು ಪೂರ್ತಿ ಹಣವನ್ನು ಬಡ್ಡಿಸಮೇತ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಬ್ಯಾಂಕ್ ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಬಡ್ಡಿ) ದರಕ್ಕೆ ಶೇ 2 ಸೇರಿಸಿದಷ್ಟು. ಜಾಹೀರಾತಿನಲ್ಲಿ ಸುಳ್ಳು ಹೇಳಿ ಮಾರಿದ್ದರೂ ಹೊರಬರುವ ದಾರಿ 12ನೇ ಕಲಂನಲ್ಲಿದೆ.

ಬಿಲ್ಡರ್ ತಪ್ಪು ಏನೂ ಇಲ್ಲ, ನಿಮಗೇ ಬೇಡವಾಯಿತು ಎಂದರೆ? ಆಗ ಮುಂಗಡಕ್ಕೆ ಕತ್ತರಿ ಬೀಳುತ್ತದೆ, ಆದರೆ ಎಷ್ಟು ಎಂಬುದಕ್ಕೆ ಮಿತಿ ಇದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಒಪ್ಪಂದ ಶೇ 20 ಮುಟ್ಟುಗೋಲು ಎಂದಿತ್ತು. ಆ ಒಪ್ಪಂದ ಏಕಪಕ್ಷೀಯ ಎಂದ ನ್ಯಾಯಾಲಯ, ಮೂಲ ಬೆಲೆಯ ಶೇ 10ನ್ನಷ್ಟೇ ಹಿಡಿದುಕೊಳ್ಳಬಹುದೆಂಬ ಗ್ರಾಹಕ ಆಯೋಗದ ತೀರ್ಮಾನವನ್ನು ಎತ್ತಿಹಿಡಿಯಿತು. ಚುಕ್ಕೆಗೆರೆಯ ಮೇಲೆ ಸಹಿ ಹಾಕುವುದು ಬಿಟ್ಟು ಬೇರೆ ದಾರಿಯೇ ಇಲ್ಲದ ಖರೀದಿದಾರನನ್ನು ಏಕಪಕ್ಷೀಯ ಷರತ್ತಿಗೆ ಕಟ್ಟಿಹಾಕುವಂತಿಲ್ಲ ಎಂಬ ವಾದವನ್ನು ಅದೇ ಕೋರ್ಟ್ 2019ರಲ್ಲೂ ಒಪ್ಪಿತ್ತು. ಆದ್ದರಿಂದ 'ಒಪ್ಪಂದದಲ್ಲಿದೆ, ಏನೂ ಮಾಡಕ್ಕಾಗಲ್ಲ' ಎಂದು ಸೇಲ್ಸ್ ಆಫೀಸಿನವರು ಹೇಳಿದರೆ ತಲೆಯಾಡಿಸಿ ಎದ್ದು ಬರಬೇಡಿ.

ಕೋಚಿಂಗ್: ಕೋರ್ಸ್ ಒಂದು, ಸಾಲ ಇನ್ನೊಂದು

ಕೋಚಿಂಗ್ ಕೇಂದ್ರಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣ 10 ದಿನದೊಳಗೆ ವಾಪಸ್ ಎಂದು ಅದರಲ್ಲಿದೆ. ಅದು ಮಾರ್ಗಸೂಚಿ, ಕಾಯ್ದೆಯಲ್ಲ. ಆದರೂ ಪತ್ರದಲ್ಲಿ ಉಲ್ಲೇಖಿಸಿ, ತೂಕ ಬರುತ್ತದೆ.

ಇಲ್ಲಿನ ನಿಜವಾದ ಗುಂಡಿ ಬೇರೆ. 'ತಿಂಗಳಿಗೆ ನಾಲ್ಕು ಸಾವಿರ ಕಂತು' ಎಂದು ಆನ್‌ಲೈನ್ ಕೋರ್ಸಿಗೆ ಸೇರಿಸುವಾಗ ಮಗುವಿನ ಅಪ್ಪನ ಹೆಸರಲ್ಲಿ ಒಂದು ಹಣಕಾಸು ಸಂಸ್ಥೆಯಿಂದ ಸಾಲ ತೆಗೆಸಿರುತ್ತಾರೆ. ಹಣವಷ್ಟೂ ಕೋರ್ಸ್ ಕಂಪನಿಗೆ ಆಗಲೇ ಹೋಗಿರುತ್ತದೆ. ಕೋರ್ಸ್ ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಕಂತು ತಪ್ಪಿದರೆ ಸಿಬಿಲ್ ಅಂಕ ಇಳಿಯುವುದು ಅಪ್ಪನದು. ಆದ್ದರಿಂದ ಒಂದೇ ದಿನ ಎರಡು ಕಡೆ ಬರೆಯಬೇಕು: ಕೋರ್ಸ್ ರದ್ದು ಎಂದು ಕಂಪನಿಗೆ, ಕೂಲಿಂಗ್ ಆಫ್ ಅವಧಿಯಲ್ಲಿ ಸಾಲ ರದ್ದು ಎಂದು ಸಾಲ ಕೊಟ್ಟವರಿಗೆ. ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿ.

ಕಿಟಕಿಯೇ ಇಲ್ಲದಿದ್ದರೆ

ಆಗ ಹಳೆಯ ಕರಾರು ಕಾಯ್ದೆಗೇ ಮರಳಬೇಕು. ಒತ್ತಾಯ, ಅನುಚಿತ ಪ್ರಭಾವ, ವಂಚನೆ, ತಪ್ಪು ಮಾಹಿತಿ ಇವುಗಳಿಂದ ಪಡೆದ ಒಪ್ಪಿಗೆಯಾಗಿದ್ದರೆ, ಮೋಸಹೋದವನು ಬಯಸಿದರೆ ಒಪ್ಪಂದವನ್ನು ತಳ್ಳಿಹಾಕಬಹುದು. ಇದಕ್ಕೆ ಮೂವತ್ತು ದಿನ, ಹದಿನೈದು ದಿನ ಎಂಬ ಗಡುವಿಲ್ಲ, ಆದರೆ ಗೊತ್ತಾದ ಕೂಡಲೇ ಹೇಳಬೇಕು. ಗೊತ್ತಾದ ಮೇಲೂ ಎರಡು ಕಂತು ಕಟ್ಟಿದರೆ ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಸುಮ್ಮನೆ ತಪ್ಪು ಮಾಹಿತಿ ಕೊಟ್ಟದ್ದಾದರೆ 'ಸ್ವಲ್ಪ ಎಚ್ಚರದಿಂದ ನೋಡಿದ್ದರೆ ನಿಮಗೇ ತಿಳಿಯುತ್ತಿತ್ತಲ್ಲ' ಎಂಬ ವಾದಕ್ಕೆ ಕಾಯ್ದೆಯಲ್ಲೇ ಜಾಗವಿದೆ. ಹಾಗಾಗಿ ಕಾಗದ ಓದಲು ಬಿಡಲಿಲ್ಲ, ಪ್ರತಿ ಕೊಡಲಿಲ್ಲ, ಗೊತ್ತಿಲ್ಲದ ಭಾಷೆಯಲ್ಲಿತ್ತು ಎಂಬಂಥ ವಿವರಗಳನ್ನು ಬಿಡದೆ ಬರೆದಿಡಿ.

ರದ್ದಿಗೆ ಒಪ್ಪಿ ಆಮೇಲೆ ಅರ್ಧ ಹಣ ಕತ್ತರಿಸಿದರೆ 74ನೇ ಕಲಂ ಇದೆ: ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯಯುತವಾದ ಪರಿಹಾರವಷ್ಟೇ. ನೀವು ಹೊರಬಂದದ್ದರಿಂದ ಅವರಿಗೆ ನಿಜಕ್ಕೂ ಎಷ್ಟು ನಷ್ಟವಾಯಿತು, ಲೆಕ್ಕ ಕೊಡಿ ಎಂದು ಕೇಳಿ. ನಷ್ಟಕ್ಕೆ ತಾಳೆಯೇ ಇಲ್ಲದ ದಂಡ ವಿಧಿಸುವ ಒಪ್ಪಂದವನ್ನು 2019ರ ಗ್ರಾಹಕ ಕಾಯ್ದೆ 'ಅನುಚಿತ ಒಪ್ಪಂದ' ಎಂದೇ ಕರೆಯುತ್ತದೆ.

ಪತ್ರ ಹೀಗಿರಲಿ

ಒಂದು ಪುಟ ಮೀರಬಾರದು. ನಾನು ಬಳಸುವ ನಮೂನೆ:

ಇವರಿಗೆ: ಕುಂದುಕೊರತೆ ನಿವಾರಣಾ ಅಧಿಕಾರಿ, (ಕಂಪನಿ ಹೆಸರು, ವಿಳಾಸ)
ವಿಷಯ: (ಪಾಲಿಸಿ / ಒಪ್ಪಂದ / ಸಾಲದ ಸಂಖ್ಯೆ) ರದ್ದತಿ ಹಾಗೂ ಹಣ ವಾಪಸಾತಿ
ಮಾನ್ಯರೇ, ಮೇಲ್ಕಂಡ ಒಪ್ಪಂದಕ್ಕೆ (ತಾರೀಕು)ರಂದು ಸಹಿ ಮಾಡಿ ರೂ. (ಮೊತ್ತ) ಪಾವತಿಸಿದ್ದೇನೆ. ದಾಖಲೆ ನನಗೆ ತಲುಪಿದ್ದು (ತಾರೀಕು)ರಂದು. (ಫ್ರೀ ಲುಕ್ / ಕೂಲಿಂಗ್ ಆಫ್ / ಒಪ್ಪಂದದ ಇಂಥ ಕಲಂ) ಪ್ರಕಾರ ಇದನ್ನು ಈ ದಿನದಿಂದ ರದ್ದು ಮಾಡುತ್ತಿದ್ದೇನೆ. ಯಾವ ಸೇವೆಯನ್ನೂ ಬಳಸಿಲ್ಲ. ಹಣವನ್ನು ಇದೇ ಖಾತೆಗೆ (ಖಾತೆ ಸಂಖ್ಯೆ, ಐಎಫ್‌ಎಸ್‌ಸಿ) ಜಮಾ ಮಾಡಬೇಕು. ಏನಾದರೂ ಕಡಿತ ಮಾಡಿದರೆ ಬಾಬ್ತುವಾರು ಲೆಕ್ಕ ಕೊಡಬೇಕು. ಇನ್ನು ಮುಂದೆ ನನ್ನ ಖಾತೆಯಿಂದ ಹಣ ಕಡಿತ ಮಾಡಲು ಕೊಟ್ಟಿದ್ದ ಅನುಮತಿಯನ್ನು ಹಿಂಪಡೆದಿದ್ದೇನೆ.

'ರದ್ದು ಮಾಡಬೇಕೆಂದು ಕೋರುತ್ತೇನೆ' ಎಂದು ಬರೆಯಬೇಡಿ, 'ರದ್ದು ಮಾಡುತ್ತಿದ್ದೇನೆ' ಎಂದು ಬರೆಯಿರಿ. ಹಕ್ಕು ಇರುವ ಕಡೆ ಕೋರಿಕೆ ಯಾಕೆ? ಪತ್ರ ಕನ್ನಡದಲ್ಲಿರಲಿ, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲೋ ಚೆನ್ನೈಯಲ್ಲೋ ಇದ್ದರೆ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿ, 'ಅರ್ಥವಾಗಲಿಲ್ಲ' ಎಂಬ ನೆಪಕ್ಕೆ ಅವಕಾಶವಿರುವುದಿಲ್ಲ.

ಮೂರು ದಾರಿಯಲ್ಲಿ ಕಳಿಸಿ. ಇಮೇಲ್ ಒಂದು. ಹತ್ತಿರದ ಶಾಖೆಗೆ ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳುವುದು ಎರಡು. ಅಂಚೆ ಮೂರು, ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಆದ್ದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ ತಲುಪಿದ್ದಕ್ಕೆ ದಾಖಲೆ ಪಡೆಯಿರಿ. ಶಾಖೆಯವರು 'ಸೀಲು ಹಾಕೋಕೆ ಮ್ಯಾನೇಜರ್ ಇಲ್ಲ' ಎಂದರೆ ಅಲ್ಲೇ ನಿಂತು ಪತ್ರದ ಫೋಟೊ ತೆಗೆದು ಅದೇ ಇಮೇಲಿಗೆ ಕಳಿಸಿ.

ಹಣ ಹೋಗುವ ನಲ್ಲಿ ಮುಚ್ಚಿ

ಪತ್ರ ಕಳಿಸಿದ ಮೇಲೂ ಮುಂದಿನ ತಿಂಗಳ ಕಂತು ಸದ್ದಿಲ್ಲದೆ ಹೋಗಿರುತ್ತದೆ. ಯುಪಿಐ ಆಟೋಪೇ ಆಗಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲೇ ಅದನ್ನು ರದ್ದು ಮಾಡಬಹುದು. ಬ್ಯಾಂಕ್ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ನ್ಯಾಚ್ (ಹಿಂದೆ ಇಸಿಎಸ್) ಅನುಮತಿಯಾದರೆ ಬ್ಯಾಂಕಿಗೆ ಲಿಖಿತವಾಗಿ ಹೇಳಿ. ಕಾರ್ಡಿನ ಮೇಲೆ ತಾನಾಗಿ ಕಡಿತವಾಗಲು ಕೊಟ್ಟ ಅನುಮತಿ (ಇ-ಮ್ಯಾಂಡೇಟ್) ಇದ್ದರೆ ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರುತ್ತದೆ. ಅದರಲ್ಲೇ ಬೇಡ ಎನ್ನುವ ದಾರಿಯೂ ಇರುತ್ತದೆ. ಒಂದು ಎಚ್ಚರಿಕೆ: ಸಾಲದ ಕಂತನ್ನು ಮಾತ್ರ ಹೀಗೆ ಸುಮ್ಮನೆ ನಿಲ್ಲಿಸಬೇಡಿ. ಸಾಲ ರದ್ದಾಗಿದೆ ಎಂಬ ಕಾಗದ ಕೈಗೆ ಬರುವವರೆಗೆ ಅದು ನಿಮ್ಮ ಹೆಸರಲ್ಲೇ ಇರುತ್ತದೆ.

ಬೇಡದ ಕ್ರೆಡಿಟ್ ಕಾರ್ಡ್ ಮುಚ್ಚಲು ಕೇಳಿದರೆ, ಬಾಕಿ ಇಲ್ಲದಿದ್ದಲ್ಲಿ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡಮಾಡಿದ ಪ್ರತಿ ದಿನಕ್ಕೆ ಬ್ಯಾಂಕ್ ನಿಮಗೆ ರೂ. 500 ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಈ ಸಾಲನ್ನು ಇಮೇಲಿನಲ್ಲಿ ಬರೆದು ನೋಡಿ, ಕಾರ್ಡ್ ಬೇಗ ಮುಚ್ಚುತ್ತದೆ.

ಕೇಳದಿದ್ದರೆ ಎಲ್ಲಿಗೆ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅವರು ತೀರ್ಪು ಕೊಡುವವರಲ್ಲ, ಕಂಪನಿಗೆ ದೂರು ದಾಟಿಸುತ್ತಾರೆ, ಅಷ್ಟಕ್ಕೇ ಎಷ್ಟೋ ಹಣ ಬಿಡುಗಡೆಯಾಗುತ್ತದೆ. ವಿಮೆಗೆ ಐಆರ್‌ಡಿಎಐನ ಬಿಮಾ ಭರೋಸಾ ತಾಣ, ಇಲ್ಲವೇ 155255ಕ್ಕೆ ಕರೆ. ಕಂಪನಿ ಒಂದು ತಿಂಗಳಲ್ಲಿ ಸರಿಯಾಗಿ ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಬ್ಯಾಂಕು, ಸಾಲದ ಸಂಸ್ಥೆಗಳಾದರೆ ಅವರಿಗೆ ದೂರು ಕೊಟ್ಟು 30 ದಿನ ನೋಡಿ, ಆಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್, ವಿಚಾರಿಸಲು 14448. ಫ್ಲ್ಯಾಟಿಗೆ ಕರ್ನಾಟಕ ರೇರಾ.

ಇವೆಲ್ಲ ಆಗದಿದ್ದರೆ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಹೆಚ್ಚು 2 ಕೋಟಿವರೆಗೆ ರಾಜ್ಯ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಂಪನಿ ಎಲ್ಲಿದ್ದರೂ ಸರಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹಾಸನದವರು ಹಾಸನದಲ್ಲೇ. ಇ-ಜಾಗೃತಿ ತಾಣದ ಮೂಲಕ ಆನ್‌ಲೈನಿನಲ್ಲೂ ಸಲ್ಲಿಸಬಹುದು. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಒಪ್ಪಂದವೇ 'ಅನುಚಿತ ಒಪ್ಪಂದ' ಎಂದು ಘೋಷಿಸಿ ಎಂದು ಕೇಳುವ ದೂರು ಜಿಲ್ಲಾ ಆಯೋಗದಲ್ಲಿ ನಡೆಯುವುದಿಲ್ಲ; ಅದು ರಾಜ್ಯ ಆಯೋಗದ ಅಧಿಕಾರ. ಹತ್ತಿಪ್ಪತ್ತು ಸಾವಿರದ ಜಿಮ್ ಶುಲ್ಕಕ್ಕೆ ಬೆಂಗಳೂರಿಗೆ ಓಡಾಡುವುದು ಗಿಟ್ಟುವುದಿಲ್ಲ. ಆದ್ದರಿಂದ ದೂರನ್ನು 'ಅನುಚಿತ ವ್ಯಾಪಾರ ಪದ್ಧತಿ, ಸೇವೆಯಲ್ಲಿ ಕೊರತೆ' ಎಂದು ಬರೆದರೆ ನಿಮ್ಮ ಜಿಲ್ಲೆಯಲ್ಲೇ ಕೇಳುತ್ತಾರೆ.

ವಿಚಾರಣೆಗೆ ಹೋಗುವ ದಿನ ಎಲ್ಲ ದಾಖಲೆಗಳನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿ ಪುಟಸಂಖ್ಯೆ ಹಾಕಿಕೊಂಡು ಹೋಗಿ. ಬಹುಶಃ ಅದಕ್ಕೂ ಮುಂಚೆಯೇ ಕಂಪನಿಯ ವಕೀಲರು 'ಮುಕ್ಕಾಲು ಕೊಡ್ತೀವಿ, ಮುಗಿಸಿಬಿಡಿ' ಎನ್ನುತ್ತಾರೆ. ಎಷ್ಟಕ್ಕೆ ಒಪ್ಪುವುದು ಎಂಬುದನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಕೂತು ತೀರ್ಮಾನಿಸಿರಿ. ಒಪ್ಪಿದರೆ ಮಾತಿನಲ್ಲಿ ಬಿಡದೆ, ಆಯೋಗದ ಮುಂದೆ ಬರಹದಲ್ಲಿ ದಾಖಲಿಸಿ, ಯಾವ ತಾರೀಕಿಗೆ ಹಣ ಎಂಬುದನ್ನೂ ಬರೆಸಿಕೊಳ್ಳಿ. ಆ ಕಾಗದಕ್ಕೆ ಸಹಿ ಹಾಕುವ ಮುಂಚೆ ಮಾತ್ರ ಪೂರ್ತಿ ಓದಿ.